ಸಾಣಾಪುರ ಕೆರೆ: ಬಂಡೆ ಇಳಿಯುವ ಮುಂಚೆ ಇದನ್ನು ಓದಿ

ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಬಂದವರು 575 ಮೆಟ್ಟಿಲು ಹತ್ತಿ ಇಳಿದು, ಸುಸ್ತಾಗಿ ಸಾಣಾಪುರ ಕೆರೆಗೆ ಹೋಗುತ್ತಾರೆ. ಹತ್ತು ನಿಮಿಷ ನಿಂತು ಫೋಟೊ ತೆಗೆಯುವ ಅವಸರದಲ್ಲೇ ಜಾರಿ ಬೀಳುತ್ತಾರೆ. ಮೊಣಕೈ ತರಚಿಸಿಕೊಂಡು ಬಂದವರನ್ನು ಎಷ್ಟು ಸಲ ನೋಡಿದ್ದೇನೋ. ಕಲ್ಲುಗುಡ್ಡಗಳ ನಡುವಿನ ಈ ನೀರಿಗೆ ಅರ್ಧ ದಿನ ಕೊಡಿ. ಮೊದಲು ಕೆರೆ, ಬೆಟ್ಟ ಇನ್ನೊಂದು ದಿನಕ್ಕಿರಲಿ.

ಇದು ಬರೀ ಮಳೆ ನಂಬಿದ ಕೆರೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಿಲ್ಲುವ ಜಾಗ. ಕಾಲುವೆ ಬಂದ್ ಆದರೆ ನೀರೂ ಇಳಿಯುತ್ತದೆ. ಅಕ್ಟೋಬರ್‌ನಿಂದ ಜನವರಿ ಒಳಗೆ ಹೋಗಿ. ಬೇಸಿಗೆಯಲ್ಲಂತೂ ಬಂಡೆ ಕಾದ ಹಂಚು.

ದಾರಿ ಸುಲಭ: ಗಂಗಾವತಿ, ಆನೆಗೊಂದಿ, ಅಂಜನಾದ್ರಿ, ಸಾಣಾಪುರ. ಹೊಸಪೇಟೆ ಕಡೆಯವರಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಇದೆ. ಆನೆಗೊಂದಿ ದಾಟಿದ ಮೇಲೆ ಸಿಗುವ ಪಂಪಾ ಸರೋವರವನ್ನು ಬೆಳಿಗ್ಗೆಯೇ ನೋಡಿಬಿಡಿ, ಜನ ಕಡಿಮೆ.

ಕಾಲಿಗೆ ಹಿಂದೆ ಪಟ್ಟಿ ಇರುವ, ರಬ್ಬರ್ ಅಡಿಯ ಚಪ್ಪಲಿ ಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ.

ಈಗ ಇಳಿಯುವ ವಿಷಯ. ಎಲ್ಲರೂ ತಪ್ಪುವುದು ಇಲ್ಲೇ. ದಡದ ಬಂಡೆಯನ್ನು ಹತ್ತಿರದಿಂದ ನೋಡಿ, ಎರಡು ಬಣ್ಣ ಕಾಣುತ್ತದೆ. ಮೇಲೆ ಕಂದು, ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ಅಲ್ಲಿ ಕಾಲು ಕಚ್ಚಿ ನಿಲ್ಲುತ್ತದೆ. ನೀರಿನ ಹತ್ತಿರ ಕಪ್ಪು ಪಟ್ಟಿ. ನೀರು ಏರಿ ಇಳಿದು ಪಾಚಿ ಕಟ್ಟಿದ ಜಾಗ ಅದು. ಒಣಗಿದಂತೆ ಕಂಡರೂ ನಂಬಬೇಡಿ. ಆ ಪಟ್ಟಿಗಿಂತ ಎರಡು ಮಾರು ಮೇಲೆಯೇ ಕೂತುಬಿಡಿ.

ಇಳಿಜಾರು ಜಾಸ್ತಿ ಇದ್ದರೆ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಮೊಬೈಲ್ ಚೀಲದಲ್ಲಿರಲಿ, ಎರಡೂ ಕೈ ಖಾಲಿ ಇರಬೇಕು. ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆಯೇ ಇನ್ನೊಂದು ಎತ್ತಿ. ಕೂತು ಜಾರಿಕೊಂಡು ಹೋಗುವುದು ಬೇಗ ಅನ್ನಿಸುತ್ತದೆ. ಆದರೆ ಹಾಗೆ ಇಳಿದ ಬಂಡೆಯನ್ನು ವಾಪಸ್ ಹತ್ತಬೇಕಲ್ವಾ? ಹತ್ತೋಕೆ ಆಗಲ್ಲ ಅನ್ನಿಸಿದರೆ ಇಳಿಯಲೇಬೇಡಿ. ಸಂದಿಗಳಲ್ಲಿ ನೋಡದೆ ಕೈ ಇಡಬೇಡಿ, ಚೇಳು ಇರುತ್ತವೆ.

ನೀರಿಗೆ ಹಾರಬೇಡಿ. ಯಾರೋ ಹಾರಿದ ವಿಡಿಯೊ ನೋಡಿ ಬರುವ ಹುಡುಗರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ. ಮೇಲೆ ಶಾಂತವಾಗಿ ಕಂಡರೂ ಒಳಗೆ ಬಂಡೆಗಳಿವೆ, ಆಳ ಒಂದೇ ಸಮ ಇಲ್ಲ. ಜಾತ್ರೆಯಲ್ಲಿ ಸಿಗುವ ಗಾಳಿ ಟ್ಯೂಬ್ ಆಟಿಕೆ ಅಷ್ಟೇ, ಮಕ್ಕಳಿಗೆ ಕಟ್ಟಿ ನೀರಿಗೆ ಬಿಡಬೇಡಿ.

ತೆಪ್ಪಕ್ಕೆ ಆ ದಿನ ಅನುಮತಿ ಇದ್ದರೆ ಮಾತ್ರ ಹತ್ತಿ. ಬಕಲ್ ಮುರಿದ ಲೈಫ್ ಜಾಕೆಟ್ ಕೊಟ್ಟರೆ ವಾಪಸ್ ಕೊಡಿ. ಅಂಚಿನ ಮೇಲೆ ಕಾಲಿಡದೆ ನೇರ ನಡುವೆ ಇಟ್ಟು, ಬಗ್ಗಿ, ತಕ್ಷಣ ಕೂತುಕೊಳ್ಳಿ. ತೆಪ್ಪ ದುಂಡಗಿರುತ್ತದೆ. ಒಂದೇ ಕಡೆ ಎಲ್ಲರೂ ವಾಲಿದರೆ ನೀರು ಒಳಗೆ ಬರುತ್ತದೆ.

ಸಂಜೆ ಐದರ ಮೇಲೆ ಬಂಡೆಗಳಿಗೆ ಕೆಂಪು ಬಣ್ಣ ಬರುತ್ತದೆ, ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ನಿಲ್ಲುತ್ತದೆ. ನಾನು ಅಲ್ಲಿ ಮಾತಾಡುವುದಿಲ್ಲ, ಸುಮ್ನೆ ಕೂರುತ್ತೇನೆ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಏಳಿ. ನೆರಳು ಬಿದ್ದ ಮೇಲೆ ಬಂಡೆ ಸಂದಿ ಕಾಣುವುದಿಲ್ಲ. ರಸ್ತೆಗೆ ಬಂದ ಮೇಲೆ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ ತಿನ್ನಿ.