ಮಗು ಮಲಗಿದ 40 ನಿಮಿಷದಲ್ಲಿ ಚಿತ್ರ ಬಿಡಿಸುವುದು ಹೇಗೆ

ಮೊದಲು ಆಯಿಲ್ ಪೇಂಟ್ ಡಬ್ಬ ಕಟ್ಟಿ ಮೇಲಿಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಬರ್ಲಿನ್ನಿನ ಚಳಿಯಲ್ಲಿ ದಿನವಿಡೀ ಕಿಟಕಿ ತೆಗೆದಿಡಲು ಆಗುವುದಿಲ್ಲ, ಆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ ಸೀದಾ ತೊಟ್ಟಿಲ ಹತ್ತಿರ ಹೋಗುತ್ತದೆ.

ಬದಲಿಗೆ ಗ್ವಾಶ್ ತಗೊಳ್ಳಿ. ನೀರಲ್ಲೇ ಕಲಸುವ ಬಣ್ಣ, ಆದರೆ ವಾಟರ್‌ಕಲರಿಗಿಂತ ದಟ್ಟ. ತಟ್ಟೆಯಲ್ಲಿ ಒಣಗಿದರೂ ಎರಡು ಹನಿ ನೀರು ಹಾಕಿದರೆ ಮತ್ತೆ ಕರಗುತ್ತದೆ, ಹಾಗಾಗಿ ಮಗು ಎದ್ದು, ಅತ್ತು, ಹಾಲು ಕುಡಿದು, ತೇಗಿ, ಮತ್ತೆ ಮಲಗುವಷ್ಟರಲ್ಲಿ ಎರಡು ಗಂಟೆ ಕಳೆದಿದ್ದರೂ ಬಿಟ್ಟಲ್ಲಿಂದಲೇ ಶುರು ಮಾಡಬಹುದು. ಅಕ್ರಿಲಿಕ್ ಹಾಗಲ್ಲ, ಒಣಗಿದರೆ ಮುಗೀತು. ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುವ ಬಣ್ಣದ ಟ್ಯೂಬ್ ಬೇಡ. ತೆವಳುವ ಮಗು ಏನು ಸಿಕ್ಕರೂ ಬಾಯಿಗೆ ಹಾಕುತ್ತದಲ್ವಾ!

ಕಾಗದ ಪೋಸ್ಟ್‌ಕಾರ್ಡಿನಷ್ಟು ಸಾಕು. ಭಾನುವಾರವೇ ಹತ್ತು ಕತ್ತರಿಸಿ, ರಟ್ಟಿಗೆ ಟೇಪ್ ಹಚ್ಚಿಡಿ.

ಇನ್ನು ಬೆಳಕು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಹಗಲಿನಂಥ ಬಿಳಿ ಬೆಳಕು ಕೊಡುವ 5000 ಕೆಲ್ವಿನ್ ಬಲ್ಬ್ ಒಂದು ಇರಲಿ. ಅದಕ್ಕಿಂತ ಮುಖ್ಯ, ಊರಿನ ಬಿಸಿಲನ್ನು ನೆನಪಿನಿಂದ ಬಳಿಯಬೇಡಿ. ನಾನು ಒಂದಿಡೀ ವರ್ಷ ಧಾರವಾಡದ ಹಳದಿಯನ್ನೇ ಬಳಿದೆ, ಎಲ್ಲವೂ ಕ್ಯಾಲೆಂಡರ್ ಚಿತ್ರದ ಹಾಗಾಯಿತು. ಬಾಣಂತನಕ್ಕೆ ಬಂದ ಅಮ್ಮ 90 ದಿನದ ವೀಸಾ ಮುಗಿಸಿ ಹೋದ ಮೇಲೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಬಟ್ಟಲು ಕಿಟಕಿ ಹತ್ತಿರವೇ ಉಳಿದಿತ್ತು. ತಳದಲ್ಲಿ ಒಂದಿಷ್ಟು ಹರಳೆಣ್ಣೆ. ಆ ಬೂದು ಬೆಳಕಿನಲ್ಲಿ ಅದು ಹಸಿರಾಗಿ ಕಾಣುತ್ತಿತ್ತು. ಅದನ್ನೇ ಏಳು ಸಲ ಬಿಡಿಸಿದೆ. ಏಳನೆಯದು ಪರವಾಗಿಲ್ಲ.

ವಿಷಯ ಹುಡುಕಿಕೊಂಡು ಮನೆ ಬಿಟ್ಟು ಹೋಗಬೇಕಾಗಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಹಾಗೆ. ಹೋಗಲೇಬೇಕಾಗಿ ಬಂದವರೂ ಇದ್ದರು ಅನ್ನಿ. ಫ್ರಾನ್ಸಿನ ಚಿತ್ರಕಾರ್ತಿ ಎಲಿಸಬೆತ್ ವಿಜೆ ಲ ಬ್ರನ್ 1789ರಲ್ಲಿ ಫ್ರೆಂಚ್ ಕ್ರಾಂತಿಗೆ ಹೆದರಿ 9 ವರ್ಷದ ಮಗಳನ್ನು ಕರೆದುಕೊಂಡು ಪ್ಯಾರಿಸ್ ಬಿಟ್ಟಳು. ಇಟಲಿ, ವಿಯೆನ್ನಾ, ರಷ್ಯಾ ಅಂತ ಹೋದಲ್ಲೆಲ್ಲ ಜನರ ಭಾವಚಿತ್ರ ಬಿಡಿಸಿಯೇ ಸಂಪಾದಿಸಿದಳು. ಅವಳಿಗೆ ಹೋಲಿಸಿದರೆ ನಮ್ಮದು ಬರೀ ನಿದ್ದೆಗೇಡು.

ಮಗು ಕುಂಚ ಕಿತ್ತುಕೊಳ್ಳುವ ವಯಸ್ಸಿಗೆ ಬಂದರೆ ಅದಕ್ಕೇ ಒಂದು ಹಳೇ ಕುಂಚ, ಲೋಟದ ತಳದಲ್ಲಿ ನೀರು, ಪಾರ್ಸಲ್ ಬಂದ ರಟ್ಟಿನ ಡಬ್ಬ ಕೊಡಿ. ನೀರು ಬಳಿದ ಕಡೆ ರಟ್ಟು ಕಪ್ಪಗಾಗುತ್ತದೆ, ಒಣಗಿದರೆ ಮಾಯ, ಮಗು ಮತ್ತೆ ಬಳಿಯುತ್ತದೆ. ನಮ್ಮನೆಯಲ್ಲಿ ಇದರಿಂದ 15 ನಿಮಿಷ ಸಿಗುತ್ತದೆ, ಕೆಲವು ದಿನ 20.