ಆಕ್ಟಿವ್ ಡೈರೆಕ್ಟರಿ, ಡಿಎನ್‌ಎಸ್‌ಗಳಲ್ಲಿ ಸಮಯ ತಪ್ಪು ಕಂಡಾಗ

ಆಕ್ಟಿವ್ ಡೈರೆಕ್ಟರಿಯಲ್ಲಿ (ಸಂಸ್ಥೆಯ ಬಳಕೆದಾರರು, ಯಂತ್ರಗಳ ವಿವರ ಇಡುವ ವಿಂಡೋಸ್ ವ್ಯವಸ್ಥೆ) ಲಾಗಿನ್ ದಿನಾಂಕ ವಾರಗಟ್ಟಲೆ ಹಿಂದಿದೆ, ಡಿಎನ್‌ಎಸ್ (ಯಂತ್ರದ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ದಾಖಲೆಯ ಟೈಮ್‌ಸ್ಟ್ಯಾಂಪ್ ಬದಲಾಗುತ್ತಲೇ ಇಲ್ಲ ಎಂದಾಗ ಮೊದಲು ತಿಳಿಯಬೇಕಾದ್ದು ಒಂದೇ: ಕೆಟ್ಟಿರುವುದು ಗಡಿಯಾರವೋ, ಅಥವಾ ಆ ದಿನಾಂಕವನ್ನು ನಾವು ತಪ್ಪಾಗಿ ಓದುತ್ತಿದ್ದೇವೋ?

ಗಡಿಯಾರದಿಂದ ಶುರುಮಾಡಿ. ಪ್ರತಿ ಡೊಮೇನ್ ಕಂಟ್ರೋಲರ್‌ನಲ್ಲೂ (ಡೈರೆಕ್ಟರಿಯನ್ನು ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್) ವಿಂಡೋಸ್‌ನ ಡಬ್ಲ್ಯೂ32ಟಿಎಂ (w32tm) ಆದೇಶದಿಂದ ಸಮಯದ ಮೂಲ ಯಾವುದೆಂದು ಕೇಳಿ. 'ಲೋಕಲ್ ಸಿಮಾಸ್ ಕ್ಲಾಕ್' (ಯಂತ್ರದ ಒಳಗಿನದೇ ಗಡಿಯಾರ) ಎಂದು ಬಂದರೆ ಆ ಯಂತ್ರ ಯಾರಿಂದಲೂ ಸಮಯ ಪಡೆಯುತ್ತಿಲ್ಲ. ಫಾರೆಸ್ಟ್‌ನ (ಡೊಮೇನ್‌ಗಳ ಇಡೀ ಗುಂಪಿನ) ಮೂಲ ಡೊಮೇನ್‌ನಲ್ಲಿರುವ ಪಿಡಿಸಿ ಎಮ್ಯುಲೇಟರ್ (ಸಮಯಕ್ಕೆ ಮುಖ್ಯವಾದ ಕಂಟ್ರೋಲರ್) ಹೊರಗಿನ ಎನ್‌ಟಿಪಿ ಸರ್ವರ್‌ನಿಂದ (ಜಾಲದ ಮೂಲಕ ಸಮಯ ಕೊಡುವ ಸರ್ವರ್) ಸಮಯ ಪಡೆಯಬೇಕು, ಉಳಿದವು ಡೊಮೇನ್ ಶ್ರೇಣಿಯಿಂದ. ಇದಕ್ಕೆ ಫೈರ್‌ವಾಲ್‌ನಲ್ಲಿ ಯುಡಿಪಿ 123 ಪೋರ್ಟ್ ತೆರೆದಿರಲಿ. ಪಿಡಿಸಿ ವರ್ಚುವಲ್ ಯಂತ್ರವಾಗಿದ್ದರೆ ಹೋಸ್ಟ್‌ನಿಂದ (ಅದನ್ನು ನಡೆಸುವ ಭೌತಿಕ ಯಂತ್ರದಿಂದ) ಸಮಯ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಎರಡು ಮೂಲಗಳು ಜಗ್ಗಾಡುತ್ತವೆ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಟೈಮ್ ಝೋನ್ ನೋಡಿ. ಝೋನ್ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಇದ್ದು, ಯಾರೋ ಗಡಿಯಾರವನ್ನು ಭಾರತದ ಸಮಯಕ್ಕೆ ತಿರುಗಿಸಿದ್ದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಲಾಗಿನ್ ಪರಿಶೀಲಿಸುವ ಕರ್ಬರಾಸ್ ಪದ್ಧತಿ ಹೋಲಿಸುವುದು ಯುಟಿಸಿಯನ್ನು. ಅದು ಸಾಮಾನ್ಯವಾಗಿ ಸಹಿಸುವುದು 5 ನಿಮಿಷ ಮಾತ್ರ, ಹಾಗಾಗಿ ಲಾಗಿನ್ ವಿಫಲವಾಗುತ್ತದೆ. ಮೊದಲು ಝೋನ್ ಸರಿಪಡಿಸಿ, ಆಮೇಲೆ ಗಡಿಯಾರ.

ಗಡಿಯಾರ ಸರಿಯಿದ್ದರೆ ಡೈರೆಕ್ಟರಿಯ ಮೌಲ್ಯಗಳಿಗೆ ಬನ್ನಿ. ಕೊನೆಯ ಲಾಗಿನ್ ಹೇಳುವ 'ಲಾಸ್ಟ್‌ಲಾಗಾನ್' ಒಂದು ಕಂಟ್ರೋಲರ್‌ನಿಂದ ಇನ್ನೊಂದಕ್ಕೆ ನಕಲಾಗುವುದಿಲ್ಲ. ಎಲ್ಲ ಕಂಟ್ರೋಲರ್‌ಗಳನ್ನೂ ಕೇಳಿ, ಅತಿ ಇತ್ತೀಚಿನದನ್ನು ಹಿಡಿಯಬೇಕು. 'ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್' ನಕಲಾಗುತ್ತದೆ, ಆದರೆ ಪೂರ್ವನಿಗದಿಯಂತೆ 9ರಿಂದ 14 ದಿನ ಹಳೆಯದಾದ ಮೇಲಷ್ಟೇ ಹೊಸದಾಗುತ್ತದೆ. ಅದನ್ನು ನೋಡಿ ಹತ್ತು ದಿನದ ಲೆಕ್ಕದಲ್ಲಿ ಖಾತೆ ಮುಚ್ಚಿದರೆ ನಿತ್ಯ ಕೆಲಸ ಮಾಡುವವರೇ ಹೊರಗುಳಿಯುತ್ತಾರೆ. 1601ರ ಜನವರಿ 1 ಎಂದು ಕಂಡರೆ ಅದು ದಿನಾಂಕವಲ್ಲ, ಸೊನ್ನೆ; ಈ ಮೌಲ್ಯಗಳ ಎಣಿಕೆ ಶುರುವಾಗುವುದೇ ಆ ದಿನದಿಂದ.

ಡಿಎನ್‌ಎಸ್ ದಾಖಲೆಯ ಟೈಮ್‌ಸ್ಟ್ಯಾಂಪ್ ಕೂಡ ಅದೇ 1601ರಿಂದ ಎಣಿಸಿದ ಯುಟಿಸಿ ಗಂಟೆಗಳು. ಮೂಲ ಸಂಖ್ಯೆಯಿಂದ 3234576 ಕಳೆದರೆ 1970ರಿಂದಾದ ಗಂಟೆಗಳು ಸಿಗುತ್ತವೆ. ಉದಾಹರಣೆಗೆ 3707928 ಎಂದರೆ ಭಾರತದಲ್ಲಿ 2024ರ ಜನವರಿ 1, ಬೆಳಗ್ಗೆ 5:30. ಸೊನ್ನೆ ಇದ್ದರೆ ಅದು ಸ್ಥಿರ ದಾಖಲೆ (ಕೈಯಾರೆ ಸೇರಿಸಿದ್ದು), ಸ್ಕ್ಯಾವೆಂಜಿಂಗ್ (ಹಳೆಯ ದಾಖಲೆಗಳನ್ನು ತಾನಾಗಿ ಅಳಿಸುವ ಕೆಲಸ) ಅದನ್ನು ಮುಟ್ಟುವುದಿಲ್ಲ.

ಇಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು 'ನೋ-ರಿಫ್ರೆಶ್' ಅವಧಿಯಿಂದ. ಪೂರ್ವನಿಗದಿ 7 ದಿನ. ಅಷ್ಟು ಕಾಲ ಐಪಿ ಬದಲಾಗದ ಹೊರತು ಯಂತ್ರ ಎಷ್ಟು ಬಾರಿ ನೋಂದಾಯಿಸಿಕೊಂಡರೂ ದಿನಾಂಕ ಬರೆಯಲಾಗುವುದಿಲ್ಲ. ಆರು ದಿನ ಹಳೆಯ ದಿನಾಂಕ ದೋಷವಲ್ಲ. ಒಂದೇ ದಾಖಲೆಗೆ ಎರಡು ಸರ್ವರ್‌ಗಳಲ್ಲಿ ಬೇರೆ ಬೇರೆ ದಿನಾಂಕವಿದ್ದರೆ ಆ ಡಿಎನ್‌ಎಸ್ ಝೋನ್‌ನಲ್ಲಿ (ಒಂದು ಡೊಮೇನ್‌ನ ದಾಖಲೆಗಳ ಗುಂಪು) ಏಜಿಂಗ್, ಅಂದರೆ ದಾಖಲೆಗಳ ವಯಸ್ಸು ಎಣಿಸುವ ಸೌಲಭ್ಯ, ಆನ್ ಆಗಿದೆಯೇ ನೋಡಿ; ಆಫ್ ಇದ್ದಾಗ ಟೈಮ್‌ಸ್ಟ್ಯಾಂಪ್ ಬದಲಾವಣೆ ನಕಲಾಗುವುದಿಲ್ಲ. 14 ದಿನ ದಾಟಿದರೂ ಕದಲದಿದ್ದರೆ ದಾಖಲೆಯ ಸೆಕ್ಯೂರಿಟಿ ಟ್ಯಾಬ್ ತೆರೆಯಿರಿ. ಹಿಂದೆ ಡಿಎಚ್‌ಸಿಪಿ ಸರ್ವರ್ (ಯಂತ್ರಗಳಿಗೆ ಐಪಿ ಹಂಚುವ ಸರ್ವರ್) ಬರೆದದ್ದಾಗಿದ್ದರೆ, ಯಂತ್ರಕ್ಕೆ ಅದನ್ನು ತಿದ್ದುವ ಅನುಮತಿ ಇಲ್ಲದಿರಬಹುದು.

'ಏಜ್‌ಆಲ್‌ರೆಕಾರ್ಡ್ಸ್' ಆದೇಶವನ್ನು ಮಾತ್ರ ಪರಿಹಾರವೆಂದು ಓಡಿಸಬೇಡಿ. ಅದು ಸ್ಥಿರ ದಾಖಲೆಗಳಿಗೂ ಟೈಮ್‌ಸ್ಟ್ಯಾಂಪ್ ಹಚ್ಚುತ್ತದೆ. ಸ್ಕ್ಯಾವೆಂಜಿಂಗ್ ಆನ್ ಇದ್ದರೆ ಕೆಲ ವಾರಗಳಲ್ಲಿ ಪ್ರಿಂಟರ್, ಮೇಲ್ ಸರ್ವರ್‌ಗಳ ಹೆಸರುಗಳೂ ಅಳಿಸಿಹೋಗುತ್ತವೆ.