ನಿಲ್ಲುತ್ತದೆ, ನಿಲ್ಲುವುದಿಲ್ಲ, ಗೊತ್ತಿಲ್ಲ: ಲ್ಯಾಬ್ ಪ್ರೋಗ್ರಾಮ್‌ಗಳ ತಪಾಸಣೆ, ನನ್ನ ಅನುಭವ

ಮಡಿಕೇರಿಯ ಕಾಲೇಜು ಲ್ಯಾಬ್ ಒಂದರಲ್ಲಿ ವಿದ್ಯಾರ್ಥಿಗಳ ಸಿ ಪ್ರೋಗ್ರಾಮ್‌ಗಳನ್ನು ಓಡಿಸಿ ನೋಡುವ ಸ್ಕ್ರಿಪ್ಟ್ ಬಗ್ಗೆ ಈ ಟಿಪ್ಪಣಿ. 40 ಮಂದಿ, ತಲಾ 6 ಪರೀಕ್ಷೆ. ಪರೀಕ್ಷೆಗೆ 5 ಸೆಕೆಂಡ್ ಗಡುವು ಕೊಟ್ಟು, ಎಲ್ಲವೂ ಲೂಪ್‌ನಲ್ಲಿ, ಅಂದರೆ ಮುಗಿಯದ ಸುತ್ತಿನಲ್ಲಿ, ಸಿಕ್ಕಿಕೊಂಡವು ಅಂತಿಟ್ಟುಕೊಳ್ಳಿ: 1200 ಸೆಕೆಂಡ್, ಅಂದರೆ 20 ನಿಮಿಷ. ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋದರೆ ನಮ್ಮ ಯುಪಿಎಸ್ ಅಷ್ಟು ಹೊತ್ತು ಎಳೆಯುವುದಿಲ್ಲ. ಗಡುವನ್ನು 2 ಸೆಕೆಂಡ್‌ಗೆ ಇಳಿಸಿದರೆ 8 ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆ 2 ಸೆಕೆಂಡ್ ಬಂದದ್ದು ಬ್ಯಾಟರಿಯಿಂದ, ಗಣಿತದಿಂದಲ್ಲ.

ಗಡುವೇಕೆ, ಕೋಡ್ ಓದಿ ‘ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ’ ಎಂದು ಹೇಳುವ ಪ್ರೋಗ್ರಾಮನ್ನೇ ಬರೆದರಾಯಿತಲ್ಲ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಎಲ್ಲ ಪ್ರೋಗ್ರಾಮ್‌ಗಳಿಗೂ ತಪ್ಪದೆ ಉತ್ತರ ಕೊಡುವ ಅಂಥದ್ದೊಂದು ಸಾಧ್ಯವಿಲ್ಲ. ಇದರ ಬೇರು ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಲ್ಲಿದೆ. ಅಂಥ ತಪಾಸಕ ಇದೆ ಎಂದೇ ಇಟ್ಟುಕೊಂಡು ‘ಮೊಂಡ’ ಎಂಬ ಪ್ರೋಗ್ರಾಮ್ ಬರೆಯಿರಿ. ಅದಕ್ಕೆ ಯಾವುದಾದರೂ ಪ್ರೋಗ್ರಾಮ್‌ನ ಕೋಡ್ ಕೊಟ್ಟರೆ, ‘ಇದಕ್ಕೆ ಇದರದೇ ಕೋಡ್ ಉಣಿಸಿದರೆ ನಿಲ್ಲುತ್ತದೆಯೇ?’ ಎಂದು ತಪಾಸಕನನ್ನು ಕೇಳುತ್ತದೆ. ‘ನಿಲ್ಲುತ್ತದೆ’ ಎಂದರೆ ಮೊಂಡ ಸುತ್ತಲು ಶುರು ಮಾಡುತ್ತದೆ, ‘ನಿಲ್ಲುವುದಿಲ್ಲ’ ಎಂದರೆ ನಿಂತುಬಿಡುತ್ತದೆ. ಈಗ ಮೊಂಡನಿಗೆ ಮೊಂಡನದೇ ಕೋಡ್ ಕೊಡಿ. ತಪಾಸಕ ಏನೇ ಹೇಳಲಿ, ಅದು ಸುಳ್ಳಾಗುತ್ತದೆ.

ಬೋರ್ಡ್ ಮೇಲೆ ಬರೆದಾಗ ಇದು ಮಾತಿನ ಚಮತ್ಕಾರ ಅನ್ನಿಸುತ್ತದೆ. ಓಡಿಸಿ ತೋರಿಸುವುದೇ ಒಳ್ಳೆಯದು. ‘ಗಡುವು ದಾಟಿದರೆ ನಿಲ್ಲುವುದಿಲ್ಲ’ ಎನ್ನುವ ಸಾದಾ ಸ್ಕ್ರಿಪ್ಟನ್ನೇ ತಪಾಸಕ ಮಾಡಿಕೊಳ್ಳಿ. ಮೊಂಡ ಒಳಗಿನಿಂದ ಅದನ್ನು 1 ಸೆಕೆಂಡ್ ಗಡುವಿನಲ್ಲಿ ಕರೆಯಲಿ, ಹೊರಗೆ 2 ಸೆಕೆಂಡ್ ಇರಲಿ. ಒಳಗಿನ ಕರೆ ‘ನಿಲ್ಲುವುದಿಲ್ಲ’ ಎನ್ನುತ್ತದೆ, ಅದನ್ನು ಕೇಳಿದ ಮೊಂಡ ನಿಲ್ಲುತ್ತದೆ, ಹೊರಗಿನ ಕರೆ ‘ನಿಂತಿತು’ ಎನ್ನುತ್ತದೆ. ಒಂದೇ ಪ್ರೋಗ್ರಾಮ್, ಒಂದೇ ಇನ್‌ಪುಟ್, ಎರಡು ತೀರ್ಪು. ಒಂದು ಎಚ್ಚರಿಕೆ: ಮೊಂಡ ತಪಾಸಕನನ್ನು, ತಪಾಸಕ ಮೊಂಡನನ್ನು ಎಬ್ಬಿಸುತ್ತಾ ಹೋಗುವುದರಿಂದ ಕ್ಷಣದಲ್ಲಿ ನೂರಾರು ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಮ್‌ಗಳು) ಹುಟ್ಟುತ್ತವೆ. ಮೊದಲೇ ಯುಲಿಮಿಟ್ ಎಂಬ ಮಿತಿ ಹಾಕುವ ಕಮಾಂಡ್‌ನಲ್ಲಿ ಪ್ರಾಸೆಸ್ ಸಂಖ್ಯೆಗೆ ಮಿತಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮಷೀನ್ ಪವರ್ ಬಟನ್ ಒತ್ತಿಯೇ ಆರಿಸಬೇಕಾಗುತ್ತದೆ.

ಹಾಗೆಂದು ಯಾವುದನ್ನೂ ಹೇಳಲಾಗದು ಎಂದಲ್ಲ. ಮೆಮೊರಿ ತೀರಾ ಚಿಕ್ಕದಿದ್ದರೆ ಪೂರ್ತಿ ಹೇಳಬಹುದು. ಮೊದಲ ವಾರಗಳಲ್ಲಿ ಕೊಡುವುದು ಒಂದು ಆಟಿಕೆ ಮಷೀನ್: 8 ಬಿಟ್‌ನ ಮೂರು ರಿಜಿಸ್ಟರ್ (ಸಂಖ್ಯೆ ಇಡುವ ಗೂಡು), 16 ಸಾಲಿನ ಪ್ರೋಗ್ರಾಮ್, ನಡುವೆ ಇನ್‌ಪುಟ್ ಇಲ್ಲ. ರಿಜಿಸ್ಟರ್‌ಗಳ 24 ಬಿಟ್, ಈಗ ಯಾವ ಸಾಲು ಎನ್ನುವುದಕ್ಕೆ 4 ಬಿಟ್, ಸೇರಿ ಒಟ್ಟು ಸ್ಥಿತಿಗಳು 2ರ 28ನೇ ಘಾತ, ಅಂದರೆ 26,84,35,456. ಅದಕ್ಕಿಂತ ಹೆಚ್ಚು ಹೆಜ್ಜೆ ನಡೆದರೆ ಯಾವುದೋ ಒಂದು ಸ್ಥಿತಿ ಎರಡನೇ ಸಲ ಬಂದಿರಲೇಬೇಕು. ಬಂದರೆ ಅಲ್ಲಿಂದ ಹಿಂದಿನ ದಾರಿಯೇ ಮತ್ತೆ, ಬಿಡುಗಡೆಯಿಲ್ಲ. ಅಷ್ಟು ದೂರ ಹೋಗಲೂ ಬೇಕಿಲ್ಲ. 1, 2, 4, 8, 16 ಹೀಗೆ ಇಮ್ಮಡಿಯಾಗುವ ಹೆಜ್ಜೆಗಳಲ್ಲಿ ಸ್ಥಿತಿಯ ಒಂದೇ ಒಂದು ಪ್ರತಿ ಇಟ್ಟುಕೊಂಡು, ಪ್ರತಿ ಹೆಜ್ಜೆಯಲ್ಲೂ ಅದಕ್ಕೆ ಹೋಲಿಸಿದರೆ ಸಾಕು. ಇದು ಬ್ರೆಂಟ್ ವಿಧಾನ. ರಿಜಿಸ್ಟರ್‌ಗಳನ್ನು 32 ಬಿಟ್ ಮಾಡಿದ ಕೂಡಲೇ ಸ್ಥಿತಿಗಳು 2ರ 100ನೇ ಘಾತಕ್ಕೆ ಏರುತ್ತವೆ. ಆಗಲೂ ಚಿಕ್ಕ ಸುತ್ತು ಇದ್ದರೆ ಬ್ರೆಂಟ್ ಹಿಡಿಯುತ್ತದೆ, ಆದರೆ ಮೂರೂ ರಿಜಿಸ್ಟರ್ ಸೇರಿಸಿ ಏರುತ್ತಲೇ ಹೋಗುವ ಎಣಿಕೆಯನ್ನು ನಮ್ಮ ಆಯುಷ್ಯದಲ್ಲಿ ಹಿಡಿಯುವುದಿಲ್ಲ.

ನಿಲ್ಲುತ್ತದೆ ಎಂದು ತೋರಿಸುವುದಕ್ಕೆ ದಾರಿ ಬೇರೆ. ಪ್ರತಿ ಲೂಪ್‌ನ ಮೇಲೂ ‘ಇಲ್ಲಿ ಇಳಿಯುವುದು ಯಾವುದು?’ ಎಂಬುದಕ್ಕೆ ಉತ್ತರವಾಗಿ ಒಂದು ಸಾಲು ಕಾಮೆಂಟ್ ಕಡ್ಡಾಯ. ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಪ್ರೋಗ್ರಾಮ್‌ನಲ್ಲಿ ಅದು ಭಾಗಾಕಾರದ ಶೇಷ: ಪ್ರತಿ ಸುತ್ತಿಗೂ ಕಡಿಮೆಯಾಗುತ್ತದೆ, ಸೊನ್ನೆಯ ಕೆಳಗೆ ಹೋಗದು, ಹಾಗಾಗಿ ನಿಲ್ಲಲೇಬೇಕು. ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಅದು ಹುಡುಕಾಟದ ಅಗಲ. ‘ಕೆಳಗಿನ ಗಡಿ = ನಡು’ ಎಂದು ಬರೆದವರ ಪ್ರೋಗ್ರಾಮ್‌ನಲ್ಲಿ ಗಡಿಗಳು 3 ಮತ್ತು 4 ಆದಾಗ ನಡು ಮತ್ತೆ 3, ಅಗಲ ಇಳಿಯುವುದೇ ಇಲ್ಲ. ಕಾಮೆಂಟ್ ಬರೆಯಲು ಕೂತಾಗಲೇ ಅರ್ಧ ಮಂದಿಗೆ ತಮ್ಮ ತಪ್ಪು ಕಾಣುತ್ತದೆ.

ಇನ್ನೆರಡು ಪದೇ ಪದೇ ಬರುವ ತಪ್ಪುಗಳು. ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ) ಎಣಿಕೆಯನ್ನು ‘ಸೊನ್ನೆ ಅಥವಾ ಹೆಚ್ಚು ಇರುವವರೆಗೆ’ ಇಳಿಸುವುದು ಒಂದು. ಸೊನ್ನೆಯಾದ ಮೇಲೆ ಅದು ದೊಡ್ಡ ಸಂಖ್ಯೆಗೆ ಹಾರುತ್ತದೆ, ಷರತ್ತು ಎಂದೂ ಸುಳ್ಳಾಗದು. ಇನ್ನೊಂದು ಮಳೆ ಲೆಕ್ಕದ ಪ್ರೋಗ್ರಾಮ್‌ನಲ್ಲಿ. 0.1 ಇಂಚನ್ನು ಕೂಡುತ್ತಾ ‘ಮೊತ್ತ 1ಕ್ಕೆ ಸಮ ಆಗುವವರೆಗೆ’ ಎಂದು ಬರೆಯುತ್ತಾರೆ. ಡಬಲ್ ಎಂಬ ದಶಮಾಂಶ ಬಗೆಯಲ್ಲಿ ಹತ್ತು ಸಲ ಕೂಡಿದರೆ ಬರುವುದು 0.9999999999999999, ಲೂಪ್ 1ನ್ನು ದಾಟಿ ಹೋಗಿಯೇ ಬಿಡುತ್ತದೆ. ನಮ್ಮ ತೋಟಗಳ ಮಳೆ ಪುಸ್ತಕದಲ್ಲಿ ಇಂಚು, ಸೆಂಟ್ ಅಂತ ಬರೆಯುತ್ತಾರಲ್ಲ, ಆ ಪದ್ಧತಿಯೇ ಇಲ್ಲಿ ಸರಿ: 10 ಸೆಂಟ್, 100 ಸೆಂಟ್, ಎಲ್ಲ ಪೂರ್ಣಾಂಕ. ಷರತ್ತನ್ನೂ ‘ಸಮ ಆಗುವವರೆಗೆ’ ಬದಲು ‘ಕಡಿಮೆ ಇರುವವರೆಗೆ’ ಎಂದಿಡಿ.

ಸ್ಕ್ರಿಪ್ಟ್‌ನ ಕಡೆಯ ಎಡವಟ್ಟುಗಳು. ಯುಲಿಮಿಟ್‌ನ ಸಮಯದ ಮಿತಿ ಎಣಿಸುವುದು ಸಿಪಿಯು ಸಮಯವನ್ನು ಮಾತ್ರ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಕೀಬೋರ್ಡ್‌ಗೆ ಕಾಯುತ್ತಾ ಕೂತ ಪ್ರೋಗ್ರಾಮ್ ಸಿಪಿಯು ಬಳಸುವುದೇ ಇಲ್ಲ, ಇಡೀ ದಿನ ಕೂತಿರುತ್ತದೆ. ಹಾಗಾಗಿ ಗಡಿಯಾರದ ಸಮಯ ನೋಡಿ ಪ್ರೋಗ್ರಾಮ್ ನಿಲ್ಲಿಸುವ ಟೈಮ್‌ಔಟ್ ಕಮಾಂಡ್ ಕೂಡ ಬೇಕು. ಗಡುವು ಮೀರಿದರೆ ಅದರ ಎಕ್ಸಿಟ್ ಕೋಡ್ (ಮುಗಿದಾಗ ಹಿಂತಿರುಗಿಸುವ ಸಂಖ್ಯೆ) 124. ಅದು ಕಳಿಸುವ ಮೊದಲ ಸಿಗ್ನಲನ್ನು ಪ್ರೋಗ್ರಾಮ್ ಅಲಕ್ಷಿಸಬಹುದು, ಹಾಗಾಗಿ 1 ಸೆಕೆಂಡ್ ಬಿಟ್ಟು ಕಿಲ್ ಸಿಗ್ನಲ್ ಹೋಗುವ ಆಯ್ಕೆ ಸೇರಿಸಿ. ಆಗ ಕೋಡ್ 137. ಇನ್‌ಪುಟ್ ಫೈಲ್ ಚಿಕ್ಕದಾಯಿತೆಂದರೆ ಸ್ಕ್ಯಾನ್‌ಎಫ್ ಸೋತು ಹಿಂತಿರುಗುತ್ತದೆ. ಅದರ ಉತ್ತರ ನೋಡದವರ ಪ್ರೋಗ್ರಾಮ್ ಹಳೆಯ ಸಂಖ್ಯೆಯನ್ನೇ ಹಿಡಿದು ಸುತ್ತುತ್ತದೆ, ಜೊತೆಗೆ ಮುದ್ರಿಸುತ್ತಲೂ ಇದ್ದರೆ ಡಿಸ್ಕ್ ತುಂಬುತ್ತದೆ. ಫೈಲ್ ಗಾತ್ರಕ್ಕೆ 1 ಎಂಬಿ ಮಿತಿ ಇಡಿ. ಪರೀಕ್ಷೆಗೆಂದೇ ಬೇರೆ ಯೂಸರ್ ಇರಲಿ, ಸರದಿ ಮುಗಿದಾಗ ಆ ಯೂಸರ್‌ನ ಎಲ್ಲ ಪ್ರಾಸೆಸ್‌ಗಳನ್ನೂ ಕೊಲ್ಲಿ. ಕಂಪೈಲರ್‌ನ ಆಪ್ಟಿಮೈಸೇಶನ್ (ವೇಗಕ್ಕಾಗಿ ಕೋಡನ್ನು ತಿದ್ದುವುದು) ಬೇಡ: ಷರತ್ತು ಸ್ಥಿರಾಂಕವಲ್ಲದ, ಹೊರಗೆ ಏನನ್ನೂ ಮಾಡದ ಲೂಪ್ ನಿಂತೇ ನಿಲ್ಲುತ್ತದೆ ಎಂದು ಭಾವಿಸಲು 2011ರ ಸಿ ಮಾನಕ ಅನುಮತಿ ಕೊಟ್ಟಿದೆ. ಅಂದರೆ ಸುತ್ತಬೇಕಾದ ಪ್ರೋಗ್ರಾಮ್ ಮಾಯವಾಗಿ ‘ಪಾಸ್’ ಆಗಬಹುದು.

ಗಡುವು ದಾಟಿದ್ದನ್ನು ನಮ್ಮ ಪಟ್ಟಿಯಲ್ಲಿ ‘ನಿಲ್ಲುವುದಿಲ್ಲ’ ಎಂದು ಬರೆಯುವುದಿಲ್ಲ. ‘ಗೊತ್ತಿಲ್ಲ’ ಎಂಬ ಮೂರನೇ ಕಾಲಂ ಇದೆ. ಟೇಪ್ ಮೇಲೆ ಓದಿ ಬರೆಯುವ, ಟ್ಯೂರಿಂಗ್ ಕಲ್ಪಿಸಿದ ಎರಡು ಚಿಹ್ನೆಗಳ ಮಷೀನ್‌ಗೆ ನಾಲ್ಕು ಸ್ಥಿತಿ (ಇಲ್ಲಿ ಸ್ಥಿತಿ ಎಂದರೆ ಅದರ ನಿಯಮ ಪಟ್ಟಿಯ ಒಂದು ಸಾಲು) ಇದ್ದಾಗ, ಖಾಲಿ ಟೇಪ್‌ನಿಂದ ಹೊರಟು ಕೊನೆಗೆ ನಿಲ್ಲುವಂಥವುಗಳ ಅತಿ ಉದ್ದದ ಓಟ 107 ಹೆಜ್ಜೆ. ಐದು ಸ್ಥಿತಿಗೆ 4,71,76,870. ಈ ಎರಡನೆಯದು ಸಾಬೀತಾದದ್ದು 2024ರಲ್ಲಷ್ಟೇ. ಒಂದು ಸ್ಥಿತಿ ಹೆಚ್ಚಿದ್ದಕ್ಕೆ ಇಷ್ಟು ಜಿಗಿತವಿದ್ದರೆ, 2 ಸೆಕೆಂಡ್ ನೋಡಿ ತೀರ್ಪು ಕೊಡುವ ಧೈರ್ಯ ಯಾರಿಗಿದೆ? ಕೊಲಾಟ್ಜ್ ಪ್ರೋಗ್ರಾಮ್ (ಸಮ ಸಂಖ್ಯೆಯಾದರೆ ಅರ್ಧ, ಬೆಸವಾದರೆ ಮೂರು ಪಟ್ಟು ಮಾಡಿ ಒಂದು ಕೂಡು) 27ರಿಂದ ಹೊರಟು 9232ರವರೆಗೆ ಏರಿ 111 ಹೆಜ್ಜೆಯಲ್ಲಿ 1ಕ್ಕೆ ಬರುತ್ತದೆ. ಎಲ್ಲ ಸಂಖ್ಯೆಗಳೂ ಹಾಗೆ ಇಳಿಯುತ್ತವೆ ಎಂದು ಯಾರೂ ಸಾಧಿಸಿಲ್ಲ. ಅದರ ಲೂಪ್ ಮೇಲೆ ‘ಇಳಿಯುವುದು: ಗೊತ್ತಿಲ್ಲ’ ಎಂದು ಬರೆದವರಿಗೆ ಪೂರ್ತಿ ಅಂಕ.

ಮೂರನೇ ಕಾಲಂಗೆ ಬಿದ್ದವನ್ನು ಕರೆಂಟ್ ಸರಿಯಿರುವ ದಿನ 60 ಸೆಕೆಂಡ್ ಗಡುವಿನಲ್ಲಿ ಮತ್ತೊಮ್ಮೆ ಓಡಿಸುತ್ತೇವೆ. ಆಗಲೂ ನಿಲ್ಲದಿದ್ದರೆ ಆ ಕಾಮೆಂಟ್ ಸಾಲನ್ನು ವಿದ್ಯಾರ್ಥಿಯ ಎದುರು ಕೂತು ಕೈಯಲ್ಲೇ ಓದುವುದು.